ಫ್ಯಾಮಿಲಿ ರೂಮಿನಲ್ಲಿ ಒಂದು ಮಸಾಲೆ ದೋಸೆ

ನನಗೆ ಸಿಟ್ಟು ಬರುವುದು ನಿಜ, ಆದರೆ ಬರಬೇಕಾದಲ್ಲಿ ಬರುವುದಿಲ್ಲ. ನಾನು ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಮಾಡುವವನು. ಅಲ್ಲಿ ಮಾಲೀಕರು ನಾಲ್ಕು ಜನರೆದುರು, “ಏನ್ರೀ, ತೂಕಡಸಾಕ ಪಗಾರ ಕೊಡತೇವೇನು?” ಎಂದರೂ ನನ್ನ ಮುಖದಲ್ಲಿ ಹಲ್ಲು ಕಾಣಿಸುತ್ತದೆಯೇ ಹೊರತು ಸಿಟ್ಟು ಕಾಣಿಸುವುದಿಲ್ಲ. ಬಸ್ಸಿನಲ್ಲಿ ನನ್ನ ಕಾಲು ತುಳಿದವನಿಗೆ ನಾನೇ “ಇರಲಿ ಬಿಡ್ರಿ” ಎಂದು ಸಮಾಧಾನ ಹೇಳುತ್ತೇನೆ. ಮನೆಯಲ್ಲಾದರೂ ಒಂದಿಷ್ಟು ಸಿಟ್ಟು ಮಾಡೋಣವೆಂದರೆ ಹೆಂಡತಿ ಸುಮಿತ್ರಾ, “ಮದ್ಲ ಕೈಕಾಲು ತೊಳಕೊಂಡು ಬರ್ರಿ, ಆಮ್ಯಾಲೆ ಸಿಟ್ಟು ಮಾಡೀರಂತ” ಎನ್ನುತ್ತಾಳೆ. ಕೈಕಾಲು ತೊಳೆದ ಮೇಲೆ ಯಾವ ಗಂಡಸಿಗೆ ಸಿಟ್ಟು ಉಳಿಯುತ್ತದೆ ಹೇಳಿ? ಹೀಗೆ ಅಲ್ಲಿ ಇಲ್ಲಿ ನುಂಗಿಕೊಂಡದ್ದೆಲ್ಲ ಸಂಜೆ ಭಟ್ಟರ ಹೋಟೆಲಿನಲ್ಲಿ ಹೊರಬೀಳುತ್ತದೆ. ಚಟ್ನಿ ಬರುವುದು ತಡವಾದರೆ ಸಾಕು, ಟೇಬಲ್ ಗುದ್ದುತ್ತೇನೆ. ಅಲ್ಲಿಯವರಿಗೆ ಅದು ರೂಢಿಯಾಗಿದೆ. ನಾನು ಗುದ್ದದೆ ಇದ್ದ ದಿನ ಜ್ವರವೇ ಎಂದು ವಿಚಾರಿಸುತ್ತಾರೆ. ಆದರೆ ಈಗ ಹೇಳಹೊರಟಿರುವ ಸಿಟ್ಟು ಅಂಥ ದಿನನಿತ್ಯದ ಸಿಟ್ಟಲ್ಲ. ಇದು ಅಸಲಿ. ಬಂದು ಇಷ್ಟು ದಿನವಾದರೂ ಇಳಿದಿಲ್ಲ.

ಬೈಲಹೊಂಗಲದಲ್ಲಿ ನಮ್ಮ ಓಣಿಯ ಮೂಲೆಗೆ ಇರುವುದೇ ಭಟ್ಟರ ಹೋಟೆಲು. ಅದಕ್ಕೆ ಬೇರೊಂದು ಹೆಸರೂ ಇತ್ತಂತೆ. ಬೋರ್ಡಿನ ಮೇಲಿನ ಬಣ್ಣ ಬಿಸಿಲಿಗೆ ಹಾರಿಹೋಗಿ ಈಗ ಅದನ್ನು ಓದಬಲ್ಲವರು ಭಟ್ಟರೊಬ್ಬರೇ. ಸ್ವಾತಂತ್ರ್ಯ ಬರುವ ಮೊದಲೇ ಅವರು ಉಡುಪಿಯ ಕಡೆಯಿಂದ ಬಂದು ಇಲ್ಲಿ ಒಲೆ ಹೂಡಿದರು. ಬರುವಾಗ ತಮ್ಮೂರಿನ ಅಡಿಗೆಯನ್ನು ತಂದಿದ್ದರು, ಆದರೆ ನಾವು ಅದನ್ನು ಅದರ ಪಾಡಿಗೆ ಬಿಡಬೇಕಲ್ಲ! ತೆಂಗಿನಕಾಯಿ ಚಟ್ನಿ ಸಪ್ಪಗಿದೆ ಎಂದೆವು, ಶೇಂಗಾ ಚಟ್ನಿ ಬಂತು. ಸಾಂಬಾರಿನಲ್ಲಿ ಬೆಲ್ಲ ಯಾಕೆ ಎಂದೆವು, ಬೆಲ್ಲ ಹೋಗಿ ಕೆಂಪು ಖಾರ ಬಂತು. ಪಲ್ಯದೊಳಗೆ ಬೆಳ್ಳುಳ್ಳಿ ಬಿತ್ತು. ನಮ್ಮಂಥ ಪುರೋಹಿತರ ಮನೆತನದವರು ಮನೆಯಲ್ಲಿ ಬೆಳ್ಳುಳ್ಳಿ ಮುಟ್ಟುವುದಿಲ್ಲ; ಭಟ್ಟರ ಪಲ್ಯದಲ್ಲಿದ್ದರೆ ಅದನ್ನು ಮಸಾಲೆ ಎಂದು ತಿಳಿದುಕೊಳ್ಳುತ್ತೇವೆ. ಒಮ್ಮೆ ಭಟ್ಟರ ಊರಿನ ನೆಂಟರೊಬ್ಬರು ಬಂದು, ಆ ದೋಸೆಯ ಒಂದು ತುತ್ತು ತಿಂದು, ಕಣ್ಣಲ್ಲಿ ನೀರು ತಂದುಕೊಂಡು, “ಇದು ಎಂಥದು ಮಾರಾಯಾ?” ಎಂದು ಕೇಳಿದರಂತೆ. “ಇದು ಉಡುಪಿ ಮಸಾಲೆ ದೋಸೆ” ಎಂದು ಭಟ್ಟರು ಗಂಭೀರವಾಗಿ ಹೇಳಿದರಂತೆ. ನಾವೂ ಹಾಗೆಯೇ ನಂಬಿದ್ದೇವೆ. ನಿಜವಾದ ಉಡುಪಿ ದೋಸೆ ಎಲ್ಲಾದರೂ ಸಿಕ್ಕರೆ ಅದನ್ನು ನಕಲಿ ಎಂದು ವಾಪಸು ಕಳಿಸುವಷ್ಟು ನಂಬಿದ್ದೇವೆ.

ಈ ಹೋಟೆಲಿನಲ್ಲಿ ಕಿಟಕಿಯ ಪಕ್ಕದ ಟೇಬಲ್ಲು ನನ್ನದು. ಅಂದರೆ ನನ್ನದು ಮತ್ತು ಹತ್ತಿ ದಲಾಲಿಯ ಅಡತಿ ಅಂಗಡಿಯ ಗುರುಪಾದಪ್ಪನವರದು. ನಾವು ಕುಳಿತ ಕೂಡಲೇ ಸಪ್ಲೈಯರ್ ಬಸಪ್ಪ ಏನೂ ಕೇಳದೆ ತಂದಿಡುತ್ತಾನೆ. ಸುಮಿತ್ರಾಳಿಗೆ ಮಾತ್ರ ಭಟ್ಟರ ದೋಸೆ ಎಂದರೆ ಎಲೆಯಲ್ಲಿ ಸುತ್ತಿ, ಅದರ ಮೇಲೆ ಹಳೇ ಪೇಪರು ಸುತ್ತಿ, ನಾನು ಹರಟೆ ಮುಗಿಸಿ ಬರುವಷ್ಟರಲ್ಲಿ ಒದ್ದೆ ಅರಿವೆಯಾಗಿರುತ್ತಿದ್ದ ಪದಾರ್ಥ. ಅವಳು ಸವದತ್ತಿಯವಳು. ಅವಳ ತಂದೆ ಪುರಾಣ ಹೇಳುವವರು, ಜನ್ಮದಲ್ಲಿ ಹೋಟೆಲಿನ ನೀರು ಮುಟ್ಟಿದವರಲ್ಲ. ಮದುವೆಯಾಗಿ ಬಂದ ಮೇಲೂ ಅವಳು ಎಂದೂ ಏನೂ ಬೇಡಿರಲಿಲ್ಲ. ಒಂದು ದಿನ ಪೊಟ್ಟಣ ಬಿಚ್ಚುತ್ತ, “ಒಮ್ಮೆರೆ ಹಂಚಿನ ಮ್ಯಾಲಿಂದ ಇಳಿಸಿದ್ದು ಇಳಿಸಿದಂಗ ತಿನ್ನಬೇಕು ನೋಡ್ರಿ. ಗರಿಗರಿ ಇರತದ ಅಂತೀರಲ್ಲ, ಅದು ಹೆಂಗಿರತದ ಅಂತ ನಂಗೂ ಗೊತ್ತಾಗಲಿ” ಎಂದಳು. ಇಷ್ಟೇ ಅವಳ ಆಸೆ. ಪೈಠಣಿ ಸೀರೆಯಲ್ಲ, ಕಾಶೀಯಾತ್ರೆಯಲ್ಲ, ಒಂದು ಬಿಸಿ ದೋಸೆ. ನನಗೆ ಹೆಮ್ಮೆಯೇ ಆಯಿತು. “ಅದೇನ್ ದೊಡ್ಡ ಮಾತು? ಅದು ನಂದ ಹೋಟೆಲ್ ಇದ್ದಂಗ” ಎಂದೆ. ನೋಡಿ, ಮನುಷ್ಯ ಬಾಯಿ ತೆರೆಯುವುದೇ ತಪ್ಪು.

ಮರುದಿನ ಸಂಜೆ ಅವಳು ಇಲಕಲ್ಲ ಸೀರೆ ಉಟ್ಟು ಹೊರಟಳು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಾವನ ಮನೆಗೆ ಹೊರಟ ಹೊಸ ಅಳಿಯನ ಹಾಗೆ ಮುಂದೆ ನಡೆದೆ. ಹೋಟೆಲಿನ ಮೆಟ್ಟಿಲು ಹತ್ತಿದೆವೋ ಇಲ್ಲವೋ, ಹಣದ ಗಲ್ಲೆಯ ಮೇಲಿದ್ದ ಭಟ್ಟರು ಎದ್ದು ನಿಂತು ಕೈಮುಗಿದರು. ದಿನಾ ನನ್ನನ್ನು ನೋಡಿ ತಲೆ ಕೂಡ ಎತ್ತದವರು! “ಬರ್ರಿ ಅಕ್ಕಾವರ, ಬರ್ರಿ. ರಾಯರ, ಒಳಗ ಕರಕೊಂಡು ಹೋಗ್ರಿ. ಫ್ಯಾಮಿಲಿ ರೂಮ್ ಖಾಲಿ ಐತಿ” ಎಂದರು. ಕಿಟಕಿಯ ಟೇಬಲ್ಲಿನಲ್ಲಿ ನನ್ನ ಜಾಗ ಖಾಲಿಯಿತ್ತು. ಗುರುಪಾದಪ್ಪನವರು ಅಲ್ಲಿ ಕುಳಿತು ನನ್ನ ದಾರಿಯನ್ನೇ ನೋಡುತ್ತಿದ್ದರು. ನಮ್ಮನ್ನು ಕಂಡೊಡನೆ ಗೋಡೆಯ ಮೇಲಿನ ಗಣಪತಿ ಫೋಟೋ ನೋಡಲು ಶುರುಮಾಡಿದರು; ಹೆಂಗಸರು ಬಂದಾಗ ಹಾಗೆ ಮಾಡುವುದು ಸಭ್ಯತೆ.

ಹೋಟೆಲಿನ ಹಿಂಬದಿಗೆ ಹಸಿರು ಬಣ್ಣದ ಹಲಗೆಯ ಗೋಡೆ, ಅದಕ್ಕೊಂದು ಪರದೆ, ಮೇಲೆ ‘ಫ್ಯಾಮಿಲಿ ರೂಮ್’ ಎಂಬ ಬರಹ. ಇದನ್ನು ನಾನು ದಿನಾ ನೋಡಿದವನೇ. ಕೈ ತೊಳೆಯಲು ಹೋಗುವಾಗ ಆ ಪರದೆ ನನ್ನ ಹೆಗಲಿಗೆ ತಾಗುತ್ತಿತ್ತು. ಒಳಗೆ ಏನಿದೆ ಎಂದು ಒಮ್ಮೆಯಾದರೂ ಇಣುಕಿದವನಲ್ಲ. ಅಂದು ಇಣುಕಿದೆ. ಒಳಗೆ ಉಳ್ಳಾಗಡ್ಡಿ ಚೀಲಗಳಿದ್ದವು. ಕೂರಲು ಒಂದು ಮುರುಕು ಬಾಕು, ಒಂದು ಕುಂಟು ಟೇಬಲ್ಲು, ಯಾವುದೋ ಹಳೇ ವರ್ಷದ ಕ್ಯಾಲೆಂಡರು. ಬಲ್ಬು ಹತ್ತಲಿಲ್ಲ. ಕಿಟಕಿ ಇರಲೇ ಇಲ್ಲ. ಹೊರಗೆ ಗಾಳಿಗೆ ಫ್ಯಾನಿತ್ತು, ಮಾತಿಗೆ ಜನರಿದ್ದರು, ಹಾಡಿಗೆ ರೇಡಿಯೋ ಇತ್ತು. ಇಲ್ಲಿ ಹಲಗೆಯ ಆಚೆಗೆ ಪಾತ್ರೆ ತೊಳೆಯುವ ಬಚ್ಚಲು. ಬೈಲಹೊಂಗಲದ ಹೆಂಗಸರಿಗೆ ಕೊಡುವ ಮರ್ಯಾದೆ ಇದೇ ಏನು? ಗಂಡಸು ಬೀಡಿ ಸೇದುತ್ತ ಕಿಟಕಿಗೆ ಕುಳಿತು ಊರು ನೋಡಬೇಕು, ಹೆಂಗಸು ಉಳ್ಳಾಗಡ್ಡಿಯ ಜೊತೆ ಕುಳಿತು ಗೋಡೆ ನೋಡಬೇಕು! ಮೈ ಉರಿದುಹೋಯಿತು. ಸುಮಿತ್ರಾ ಸೆರಗಿನಿಂದ ಬಾಕು ಒರೆಸಿ, “ಸಿಟ್ಟಿಗೇಳಬ್ಯಾಡ್ರಿ. ದ್ವಾಸಿ ಬಿಸಿ ಇದ್ದರ ಸಾಕು” ಎಂದು ಕುಳಿತಳು.

ದೋಸೆ ಬರಲಿಲ್ಲ. ಹೊರಗೆ ಹಂಚಿನ ಮೇಲೆ ಹಿಟ್ಟು ಚುಂಯ್ ಎನ್ನುವುದು ಕೇಳಿಸುತ್ತಿತ್ತು, ತುಪ್ಪದ ವಾಸನೆ ಪರದೆ ದಾಟಿ ಬರುತ್ತಿತ್ತು, ದೋಸೆ ಮಾತ್ರ ಬರಲಿಲ್ಲ. “ಬಸಪ್ಪಾ!” ಎಂದು ಕೂಗಿದೆ. ರೇಡಿಯೋದಲ್ಲಿ ಯಾರೋ ನನಗಿಂತ ಜೋರಾಗಿ ಹಾಡುತ್ತಿದ್ದರು. ಕೊನೆಗೆ ಪರದೆ ಕಿತ್ತುಬರುವಂತೆ ಸರಿಸಿದೆ. ಬಸಪ್ಪ ಅಲ್ಲೇ ಗೋಡೆಗೆ ಆತು, ಮುಖ ಅತ್ತ ತಿರುಗಿಸಿಕೊಂಡು ನಿಂತಿದ್ದ.

“ಎಲ್ಲೋ ದ್ವಾಸಿ?” ಎಂದೆ.

“ಆಗಳೇ ತಂದಿದ್ನಿರಿ. ಹೊರಗ ನಿಂತು ಕೆಮ್ಮಿದೆ. ನೀವು ಹೂಂ ಅನಲಿಲ್ಲ.”

“ಕೆಮ್ಮೂದು ಯಾಕ? ಒಳಗ ತಂದು ಇಡಬೇಕಿಲ್ಲೋ?”

“ಹೆಣ್ಮಕ್ಕಳು ಕುಂತಲ್ಲಿ ಹಂಗ ನುಗ್ಗಾಕ ಬರತೈತೇನ್ರಿ? ಮರ್ಯಾದಿ ಬ್ಯಾಡ? ಎರಡ ಸಲ ಕೆಮ್ಮಿ ವಾಪಸ್ ಒಯ್ದೆ. ಆರತೈತಿ ಅಂತ ಸಾವಕಾರರಿಗೆ ಕೊಟ್ಟೆ.”

ಸಾವಕಾರರೆಂದರೆ ಗುರುಪಾದಪ್ಪನವರು. ನನ್ನ ಹೆಂಡತಿಯ ಜನ್ಮದ ಮೊದಲ ಬಿಸಿ ದೋಸೆಯನ್ನು ಅವರು ಗಣಪತಿಯ ಫೋಟೋ ನೋಡುತ್ತ ತಿಂದು ಮುಗಿಸಿದ್ದರು. ನಾನು ಬಸಪ್ಪನಿಗೆ ಏನೆಲ್ಲ ಅಂದೆನೋ ನೆನಪಿಲ್ಲ. ಭಟ್ಟರಿಗೂ ಅಂದೆ. ಅವರು ಗಲ್ಲೆ ಬಿಟ್ಟು ಓಡಿ ಬಂದು ಬಸಪ್ಪನನ್ನು ಬೈದರು, ಬೇರೆ ಎರಡು ದೋಸೆ ಹೇಳಿದರು. ಸ್ವಲ್ಪ ಹೊತ್ತಿಗೆ ಹೊರಗೆ ಮತ್ತೆ ಕೆಮ್ಮು ಕೇಳಿಸಿತು. “ಬಾರೋ!” ಎಂದು ಅರಚಿದೆ. ಅರಚಿದ ಅಬ್ಬರಕ್ಕೆ ಬಸಪ್ಪ ಹೆದರಿ, ರಾಯರ ಸಿಟ್ಟು ಇಳಿಯಲಿ ಎಂದು ಇನ್ನಷ್ಟು ಹೊತ್ತು ಹೊರಗೇ ನಿಂತ. ಒಳಗೆ ಬಂದ ದೋಸೆಯನ್ನು ಸುಮಿತ್ರಾ ಬೆರಳಿನಿಂದ ಮುಟ್ಟಿದಳು. ಅದು ಬಾಗಿತು, ಮುರಿಯಲಿಲ್ಲ. ಪೊಟ್ಟಣದ ದೋಸೆಗೂ ಅದಕ್ಕೂ ಇದ್ದ ವ್ಯತ್ಯಾಸ ಪೇಪರು ಒಂದೇ. ಅವಳ ಮುಖ ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಅಳುತ್ತಾಳೇನೋ ಎಂದುಕೊಂಡೆ.

ಅವಳು ಅಳಲಿಲ್ಲ. ತಾಟು ಕೈಯಲ್ಲಿ ಹಿಡಿದು ಎದ್ದಳು.

“ಎಲ್ಲಿಗೆ ಹೊಂಟಿ?” ಎಂದೆ.

“ಹೊರಗ. ಹಂಚಿನ ಹತ್ತರ ಒಂದು ಟೇಬಲ್ ಖಾಲಿ ಅದ. ಅಲ್ಲೆ ಕೂತರ ಬಿಸೀದು ಸಿಗತದ.”

“ಏ, ಬ್ಯಾಡ ಬ್ಯಾಡ! ಅಲ್ಲೆ ಬರೇ ಗಂಡಸರ ಅದಾರ. ನಮ್ಮ ಫ್ಯಾಕ್ಟರಿ ಮಂದಿನೂ ಇರತಾರ. ನೋಡಿದವರು ಏನಂದಾರು?”

“ನೀವು ದಿನಾ ಕೂಡತೀರಲ್ಲ, ನಿಮ್ಮನ್ನ ನೋಡಿ ಏನಂತಾರ?”

ಅಷ್ಟು ಹೇಳಿ ಅವಳು ಪರದೆ ಸರಿಸಿ ಹೊರಟೇಬಿಟ್ಟಳು. ನಾನು ಅವಳ ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ. ಪರದೆಯನ್ನು ಇನ್ನಷ್ಟು ಎಳೆದು ಮುಚ್ಚಿ, ಸಂದಿಯಲ್ಲಿ ಒಂದು ಕಣ್ಣಿಟ್ಟೆ. ಮಂದಿ ಒಮ್ಮೆ ತಲೆ ಎತ್ತಿ ನೋಡಿದರು. ಗುರುಪಾದಪ್ಪನವರು ಫೋಟೋದಿಂದ ಕಣ್ಣು ಕೀಳಲಿಲ್ಲ. ಭೂಮಿ ಬಾಯಿಬಿಡಬಹುದು ಎಂದು ನಾನು ಕಾದೆ. ಭಟ್ಟರು ಎದ್ದು ಬಂದು ಹೆಗಲ ಮೇಲಿನ ವಸ್ತ್ರದಿಂದ ಟೇಬಲ್ಲು ಒರೆಸಿ, “ಕುಂಡರ್ರಿ ಅಕ್ಕಾವರ” ಎಂದರು. ಅಷ್ಟೇ. ಮಂದಿ ಮತ್ತೆ ತಮ್ಮ ತಮ್ಮ ಚಹಾಕ್ಕೆ, ಹತ್ತಿಯ ದರಕ್ಕೆ ಮರಳಿದರು. ತಣ್ಣನೆಯದು ಬದಿಗೆ ಸರಿದು, ಹಂಚಿನಿಂದ ಇಳಿದ ದೋಸೆ ನೇರವಾಗಿ ಅವಳ ತಾಟಿಗೆ ಬಂತು. ಅವಳು ತುದಿ ಮುರಿದಳು. ಆ ಸಪ್ಪಳ ನನಗೆ ಒಳಗಿನವರೆಗೂ ಕೇಳಿಸಿತು. ತಿನ್ನುತ್ತ ತಿನ್ನುತ್ತ ಅವಳು ಒಬ್ಬಳೇ ನಕ್ಕಳು. ಹಾಗೆ ಅವಳು ನಕ್ಕದ್ದನ್ನು ನೋಡಿ ಎಷ್ಟೋ ದಿನವಾಗಿತ್ತು. ಸ್ವಲ್ಪ ಹೊತ್ತಿಗೆ ಪರದೆಯ ಹತ್ತಿರ ಬಂದು, “ರೀ, ನೀವೂ ಬರತೀರೋ, ನಿಮ್ಮದು ಒಳಗ ಕಳಸಲೋ?” ಎಂದು ಕೇಳಿದಳು. “ನಂಗ ಹಸಿವಿಲ್ಲ” ಎಂದೆ. ಎದುರಿಗಿದ್ದ ತಣ್ಣನೆಯ ದೋಸೆಯನ್ನು ಉಳ್ಳಾಗಡ್ಡಿ ಚೀಲದ ಸಾಕ್ಷಿಯಾಗಿ ತಿಂದು ಮುಗಿಸಿದೆ.

ಮನೆಗೆ ಮರಳುವಾಗ ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಈ ಊರು ಸುಧಾರಿಸುವುದಿಲ್ಲ ಎಂದೆ. ಭಟ್ಟರಿಗೆ ಬುದ್ಧಿಯಿಲ್ಲ ಎಂದೆ. ಹೆಂಗಸರನ್ನು ಕತ್ತಲೆಯಲ್ಲಿ ಕೂಡಿಹಾಕುವ ಈ ಮಂದಿಯನ್ನು ಏನು ಮಾಡಿದರೂ ಪಾಪ ಬರುವುದಿಲ್ಲ ಎಂದೆ. ಸುಮಿತ್ರಾ ಎಲ್ಲವನ್ನೂ ಕೇಳಿದಳು. ಮನೆಯ ಬಾಗಿಲಿಗೆ ಬಂದಾಗ, “ಭಟ್ಟರು ಏನೂ ಅನ್ನಲಿಲ್ಲರಿ. ಬಸಪ್ಪನೂ ಅನ್ನಲಿಲ್ಲ. ಆ ಮಂದಿಯೊಳಗ ಬ್ಯಾಡ ಅಂದವರು ನೀವೊಬ್ಬರ” ಎಂದು ಕೀಲಿ ತೆಗೆದು ಒಳಗೆ ಹೋದಳು. ಕೈಕಾಲು ತೊಳೆದೆ. ಸಿಟ್ಟು ಇಳಿಯಲಿಲ್ಲ.

ಅಂದಿನಿಂದ ಅವಳು ಪಕ್ಕದ ಮನೆಯ ಶಾಂತವ್ವನನ್ನು ಕಟ್ಟಿಕೊಂಡು ಆಗಾಗ ಭಟ್ಟರ ಹೋಟೆಲಿಗೆ ಹೋಗುತ್ತಾಳೆ. ಕಿಟಕಿಯ ಪಕ್ಕದ ಟೇಬಲ್ಲಿನಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ. ಗುರುಪಾದಪ್ಪನವರು ಬೇರೆ ಕಡೆ ಕುಳಿತು ರೂಢಿ ಮಾಡಿಕೊಂಡಿದ್ದಾರೆ. ನಾನು ಫ್ಯಾಕ್ಟರಿ ಬಿಟ್ಟು ಬಂದಾಗ ಆ ಹೆಣ್ಣುಮಕ್ಕಳಿಬ್ಬರೂ ಅಲ್ಲಿದ್ದರೆ, ನಾಲ್ಕು ಜನರೆದುರು ಹೆಂಡತಿಯ ಪಕ್ಕ ಹೋಗಿ ಕುಳಿತುಕೊಳ್ಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಕೈ ತೊಳೆಯಲು ಹೊರಟವನಂತೆ ಹಿಂದಕ್ಕೆ ಹೋಗಿ ಪರದೆಯೊಳಗೆ ಸೇರಿಕೊಳ್ಳುತ್ತೇನೆ. ಭಟ್ಟರು ಅಲ್ಲಿಯ ಚೀಲಗಳನ್ನು ತೆಗೆಸಿ, ಬಲ್ಬು ಹಾಕಿಸಿದ್ದಾರೆ. ಊರಿನ ಯಾವ ಹೆಂಗಸೂ ಈಗ ಆ ಕೋಣೆಗೆ ಬರುವುದಿಲ್ಲ. ಅಲ್ಲಿ ಕೂರುವವನು ನಾನೊಬ್ಬನೇ.