ಕಾಶಿಯಲ್ಲಿ ಬಿಟ್ಟ ತುಪ್ಪ

ಅಂಬಾಜಿದುರ್ಗದ ತಪ್ಪಲಿನ ಮುನಿಶಾಮಪ್ಪನ ಕೊಟ್ಟಿಗೆಯಲ್ಲಿ ಹಾಲು ಕೊಡುವ ಆರು ಹಸುಗಳಿದ್ದವು. ಆ ಹೆಮ್ಮೆಗೆ ಚಿಂತಾಮಣಿಯ ಡಾಕ್ಟರೊಬ್ಬರು ಒಂದು ಸೋಮವಾರ ಕೊಳ್ಳಿ ಇಟ್ಟರು. ಮೂರು ತಿಂಗಳಿಂದ ಕೆಟ್ಟು ಕೂತಿದ್ದ ಅವನ ಹೊಟ್ಟೆಯನ್ನು ತಟ್ಟಿ ನೋಡಿ, “ಗೋಧಿ ಮುಟ್ಟಬೇಡ. ಹಾಲು, ಮೊಸರು, ತುಪ್ಪ ಯಾವುದೂ ಬೇಡ. ಮುದ್ದೆ ತಿಂದ್ಕೊಂಡು ಹಾಯಾಗಿರು” ಎಂದುಬಿಟ್ಟರು.

ಇದು ಸಾವಿರದ ಒಂಬೈನೂರ ಐವತ್ತೆಂಟರ ಮಾತು. ನಮ್ಮ ಸೀಮೆಯ ಜನಕ್ಕೆ ಬುದ್ಧಿ ಕಡಿಮೆ. ಮುದ್ದೆ ತಿಂದೇ ಬಂಡೆ ಸೀಳುವವರು, ನೆಂಟರು ಬಂದರೆ ಮುದ್ದೆಯನ್ನು ಕಳ್ಳಮಾಲಿನ ಹಾಗೆ ಬಚ್ಚಿಟ್ಟು ರವೆ ಹುರಿಯುತ್ತಾರೆ. ಮುನಿಶಾಮಪ್ಪನೂ ಅಂಥವನೇ. ಮೇಲಾಗಿ ಮಗ ನಲ್ಲಪ್ಪನಿಗೆ ಎರಡು ಸಂಬಂಧ ಆಗಲೇ ತಪ್ಪಿದ್ದವು. ಯಜಮಾನನಿಗೇ ಕಾಯಿಲೆ ಎಂದು ಸುದ್ದಿಯಾದರೆ ಮೂರನೆಯದೂ ಹೋದಂತೆಯೇ.

ಆ ಮೂರನೆಯದನ್ನು ಗಟ್ಟಿ ಮಾಡಲು ಗುರುವಾರ ಹೆಂಡತಿ ಕದಿರಮ್ಮನ ಜೊತೆ ಶಿಡ್ಲಘಟ್ಟದ ಬಸ್ಸು ಹತ್ತಿದ. ಹುಡುಗಿಯ ತಂದೆ ಲಕ್ಷ್ಮಯ್ಯ ಬಾಗಿಲಲ್ಲೇ ಕೈ ಹಿಡಿದು ಕರೆದೊಯ್ದು ಚಾಪೆಯ ಮೇಲೆ ಕೂರಿಸಿದ. ಕೂತ ಕೂಡಲೇ ತುಪ್ಪ ಸೋರುವ ಉಪ್ಪಿಟ್ಟು ಬಂತು. ಪಕ್ಕದಲ್ಲಿ ನೊರೆ ಉಕ್ಕುವ ಕಾಫಿ.

ಮುನಿಶಾಮಪ್ಪ ಅದನ್ನು ಹಾವು ನೋಡಿದಂತೆ ನೋಡಿದ.

“ಯಾಕ್ ಬೀಗ್ರೆ, ತಗಳ್ಳಿ” ಎಂದ ಲಕ್ಷ್ಮಯ್ಯ.

“ಹೊಟ್ಟೆ ತುಂಬೈತೆ.”

ಲಕ್ಷ್ಮಯ್ಯನ ಮುಖ ಸಪ್ಪಗಾಯಿತು. ಹೆಣ್ಣಿನ ಮನೆಯ ಕಾಫಿ ಬೇಡವೆಂದರೆ ಹೆಣ್ಣು ಬೇಡವೆಂದೇ ಅರ್ಥ. ಬಾಗಿಲಲ್ಲಿ ಇಣುಕುತ್ತಿದ್ದ ಪಕ್ಕದ ಮನೆಯ ಅಮ್ಮಾಜಮ್ಮ ಒಳಕ್ಕೇ ಬಂದಳು.

“ಅಯ್ಯೋ ದೇವುಡಾ! ನಮ್ಮ ಹುಡ್ಗಿ ಹಿಡಿಸ್ಲಿಲ್ವ? ಬಾಯಿ ಬಿಟ್ಟು ಹೇಳಪ್ಪ!”

ಕದಿರಮ್ಮ ಮೊಣಕೈಯಲ್ಲಿ ತಿವಿದು, “ನಿಜ ಹೇಳ್ಬಿಡಿ” ಎಂದು ಪಿಸುಗುಟ್ಟಿದಳು.

ನಿಜವೇ? ಆರು ಹಸುವಿನ ಯಜಮಾನ! ಮುನಿಶಾಮಪ್ಪ ಎದೆ ಸೆಟೆಸಿದ. “ಹುಡ್ಗಿ ಬಂಗಾರ. ಆದ್ರೆ ನಾನು ಹೋದ ವರ್ಷ ಕಾಶಿಗೆ ಹೋಗಿದ್ದೆ. ಗೋಧಿ, ಹಾಲು, ತುಪ್ಪ ಎಲ್ಲಾ ಅಲ್ಲೇ ಬಿಟ್ಟು ಬಂದೆ.”

ತಿರುಪತಿ ದಾಟದ ಗಂಡನನ್ನು ಕದಿರಮ್ಮ ಬಾಯಿ ತೆರೆದು ನೋಡಿದಳು.

ಕಾಶಿಗೆ ಹೋದವರು ತಮಗಿಷ್ಟವಾದ ತಿನಿಸೊಂದನ್ನು ವಿಶ್ವನಾಥನ ಹೆಸರಿನಲ್ಲಿ ಬಿಟ್ಟು ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅಮ್ಮಾಜಮ್ಮ ಕೆನ್ನೆ ಬಡಿದುಕೊಂಡಳು. “ನಮ್ಮ ಯಜಮಾನ್ರು ಹಾಗಲಕಾಯಿ ಬಿಟ್ಟು ಬಂದ್ರು. ಮೊದ್ಲೂ ತಿಂತಿರ್ಲಿಲ್ಲ ಅನ್ನಿ! ಈ ಪುಣ್ಯಾತ್ಮ ನೋಡು, ತುಪ್ಪಾನೇ ಬಿಟ್ಟವ್ನೆ!”

ಕಾಲು ಗಂಟೆಯಲ್ಲಿ ಬೀದಿಯೇ ಒಳಗೆ ಬಂತು. ಒಬ್ಬಳು ಕಾಲಿಗೆ ಬಿದ್ದಳು. ಲಕ್ಷ್ಮಯ್ಯನ ತಾಯಿ ಅಕ್ಕಯ್ಯಮ್ಮ, ಎಪ್ಪತ್ತು ದಾಟಿದ ಮುದುಕಿ, ಎದುರಿಗೇ ಕೂತಳು.

“ಗಂಗಮ್ಮ ಹೆಂಗವ್ಳಪ್ಪ?”

“ತಣ್ಣಗವ್ಳೆ.”

“ವಿಶ್ವನಾಥ?”

“ಅವ್ನೂ ಚೆನ್ನಾಗವ್ನೆ. ಏನೂ ತೊಂದ್ರೆ ಇಲ್ಲ.”

ಕದಿರಮ್ಮ ಸೆರಗು ಬಾಯಿಗೆ ತುರುಕಿಕೊಂಡು ಕೆಮ್ಮಿದಳು. ಮುನಿಶಾಮಪ್ಪನಿಗೆ ಮಾತ್ರ ತಾನು ಕಾಶಿಗೆ ಹೋಗಿಬಂದದ್ದು ತನಗೇ ನಿಜವೆನ್ನಿಸತೊಡಗಿತ್ತು.

ಮಧ್ಯಾಹ್ನ ಎಲ್ಲರ ಎಲೆಗೂ ಒಬ್ಬಟ್ಟು, ತುಪ್ಪ ಬಿದ್ದವು. ಪುಣ್ಯಾತ್ಮನಿಗೆ ಬಿಸಿ ಮುದ್ದೆ, ಅವರೆಕಾಳಿನ ಸಾರು. ನೆಂಟರ ಮನೆಯಲ್ಲಿ ತಲೆ ಎತ್ತಿಕೊಂಡು ಮುದ್ದೆ ಮುರಿದ ಗಂಡಸು ಆ ಕಾಲದಲ್ಲಿ ಅವನೊಬ್ಬನೇ ಇರಬೇಕು. ಎರಡು ನುಂಗಿ, ಮೂರನೆಯದನ್ನು ಕೇಳಿ ಹಾಕಿಸಿಕೊಂಡ. ಹೊಟ್ಟೆ ಒಂದು ಮಾತೂ ಆಡಲಿಲ್ಲ. ಡಾಕ್ಟರನ್ನು ಗೆದ್ದೆ, ಬೀಗರನ್ನೂ ಗೆದ್ದೆ ಎಂದುಕೊಂಡು ಮೀಸೆ ತಿರುವಿದ.

ಎಲೆ ಅಡಿಕೆ ಬಂತು. ಲಕ್ಷ್ಮಯ್ಯ ಕೈ ಮುಗಿದು, “ನಮ್ಗೆ ಸಂಬಂಧ ಒಪ್ಗೆ ಬೀಗ್ರೆ. ಆದ್ರೆ ನಮ್ಮವ್ವಂದು ಒಂದು ಮಾತೈತೆ” ಎಂದ.

“ಹೇಳವ್ವ, ನಡೆಸ್ಕೊಡ್ತೀನಿ!” ಎಂದ ಮುನಿಶಾಮಪ್ಪ, ಇಡೀ ಬೀದಿಗೆ ಕೇಳುವಂತೆ.

ಅಕ್ಕಯ್ಯಮ್ಮ ಅವನ ಕೈ ಹಿಡಿದುಕೊಂಡಳು. “ಹತ್ತು ವರ್ಷದಿಂದ ಕಾಶಿ ಕಾಶಿ ಅಂತಿದೀನಿ. ಕರ್ಕೊಂಡು ಹೋಗೋರಿಲ್ಲ. ನಿಂಗೆ ದಾರಿ ಗೊತ್ತು. ಮುಂದಿನ ವಾರ ಹೊರಡಣ. ಬಂದ್ಮೇಲೆ ಲಗ್ನ.”

ಮುನಿಶಾಮಪ್ಪನ ಬಾಯಲ್ಲಿ ಎಲೆ ಅಡಿಕೆ ಹಾಗೇ ನಿಂತಿತು. “ಅವ್ವ, ಅಲ್ಲಿ ಮುದ್ದೆ ಸಿಗಲ್ಲ. ಬರೀ ಗೋಧಿ ರೊಟ್ಟಿ, ಹಾಲು...”

“ಗೊತ್ತಪ್ಪ, ಅದಕ್ಕೇ ಹೇಳ್ತಿರೋದು!” ಮುದುಕಿಯ ಕಣ್ಣು ತುಂಬಿ ಬಂತು. “ಆರು ಹಸು ಕಟ್ಕೊಂಡು ಹನಿ ತುಪ್ಪ ಮುಟ್ಟಲ್ವಲ್ಲೋ ನೀನು, ನನ್ ಕರುಳು ಕಿತ್ತು ಬರ್ತದೆ. ವಿಶ್ವನಾಥನ ಹತ್ರ ಬಿಟ್ಟಿದ್ದನ್ನ ಅವ್ನ ಮುಂದೇನೇ ಸೆರಗೊಡ್ಡಿ ವಾಪಸ್ ಇಸ್ಕೊಡ್ತೀನಿ. ತುಪ್ಪ ಹಚ್ಚಿದ ರೊಟ್ಟಿ, ಒಂದು ಚೊಂಬು ಹಾಲು, ದಿನಾ ನಾನೇ ಕೂತ್ಕೊಂಡು ತಿನ್ನಿಸ್ತೀನಿ. ಮದ್ವೇಲಿ ನೀನು ಹನ್ನೆರಡು ಒಬ್ಬಟ್ಟು ತಿನ್ನೋದನ್ನ ಈ ಕಣ್ಣಲ್ಲಿ ನೋಡ್ಬೇಕು!”

ಬೀದಿಯ ಜನ ‘ಆಹಾ’ ಎಂದರು. ಅಮ್ಮಾಜಮ್ಮ ಕಣ್ಣೊರೆಸಿಕೊಂಡಳು.

ಮುನಿಶಾಮಪ್ಪ ಕಾಪಾಡು ಎನ್ನುವಂತೆ ಹೆಂಡತಿಯ ಕಡೆ ತಿರುಗಿದ. ಕದಿರಮ್ಮ ಮತ್ತೆ ಬಾಯಿಗೆ ತುರುಕಿಕೊಂಡಿದ್ದ ಸೆರಗನ್ನು ನಿಧಾನವಾಗಿ ತೆಗೆದಳು.

“ಅಲ್ಲೀ ತುಪ್ಪ ಹೆಂಗಿರ್ತದೋ ಏನೋ ಅವ್ವ. ನಮ್ಮನೇದೇ ಒಂದು ಡಬ್ಬ ಕಟ್ಟಿ ಕಳಿಸ್ತೀನಿ.”

ಅಲ್ಲಿಯವರೆಗೆ ಸುಮ್ಮನಿದ್ದ ಮುನಿಶಾಮಪ್ಪನ ಹೊಟ್ಟೆ, ಮೂರು ಮುದ್ದೆಯ ಅಡಿಯಿಂದಲೇ ಗುಡುಗಿತು.