ಗಾಜಿನ ತೊಟ್ಟಿಯೂ ಅಪ್ಪನ ಎಡೆಯೂ

ಪಿರಿಯಾಪಟ್ಟಣಕ್ಕೆ ಸಮುದ್ರವಿಲ್ಲ ಎಂಬ ಕೊರಗು ಊರಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ನನಗೊಬ್ಬನಿಗೇ ಇತ್ತು. ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟುಕೊಂಡು ಜನರಿಗೆ ಸ್ವಿಚ್ಚು, ಹೋಲ್ಡರು ಮಾರುವ ಚಲುವರಾಜು ಎಂಬ ಈ ನರಮನುಷ್ಯ ಹುಟ್ಟಿದ್ದಕ್ಕೆ ಏನಾದರೊಂದು ಸಾಧಿಸಬೇಡವೇ? ಭಗೀರಥ ತಪಸ್ಸು ಮಾಡಿ ಗಂಗೆಯನ್ನು ತಂದ. ನಾನು ಮೈಸೂರಿನಿಂದ ಗೂಡ್ಸ್ ಆಟೋದಲ್ಲಿ ಸಮುದ್ರವನ್ನೇ ತಂದೆ.

ತೊಟ್ಟಿ ಎಂದರೆ ಮೇಜಿನ ಮೇಲಿಡುವ ಗಾಜಿನ ಬುರುಡೆ ಎಂದುಕೊಳ್ಳಬೇಡಿ. ಎಮ್ಮೆಯೊಂದು ಸಂಸಾರ ಸಮೇತ ಹೊರಳಾಡಬಹುದಾದ ಗಾಜಿನ ಕೆರೆ ಅದು. ಹಾಲ್‌ನಲ್ಲಿ ಅದಕ್ಕೆ ಜಾಗ ಮಾಡಲು ಸೋಫಾ ಜಗುಲಿಗೆ ಹೋಯಿತು, ಟಿವಿ ಅಡುಗೆಮನೆಗೆ ಹೋಯಿತು. ನನ್ನ ಹೆಂಡತಿ ಶಾಂತಲಾ ತವರಿಗೆ ಹೋಗುವುದೊಂದು ಬಾಕಿ ಇತ್ತು.

“ನಲ್ಲಿ ನೀರು ದಿನಬುಟ್ಟು ದಿನ ಬತ್ತದೆ. ಅದ್ರಲ್ಲಿ ನಾನು ಪಾತ್ರೆ ತೊಳೀಲೋ, ನಿಮ್ಮ ಮೀನಿಗೆ ಸ್ನಾನ ಮಾಡಿಸ್ಲೋ?”

“ಮೀನು ಸ್ನಾನ ಮಾಡಲ್ಲ ಕಣೇ, ಸ್ನಾನದಲ್ಲೇ ಇರ್ತದೆ.”

“ಅಂಗಾದ್ರೆ ನೀವೂ ಅದರೊಳಗೇ ಇದ್ಬುಡಿ. ಹಾಲಲ್ಲಿ ಒಬ್ರಿಗಾದ್ರೂ ಕೂರೋಕೆ ಜಾಗ ಆಯ್ತದೆ.”

ನನ್ನ ಪ್ರಜೆಗಳನ್ನು ಪರಿಚಯಿಸುತ್ತೇನೆ. ಮೂಗಿನ ತುದಿಯಲ್ಲೇ ಕೋಪವಿರುವ ಒಂದು ಜೋಡಿ ಆಸ್ಕರ್ ಮೀನು. ಬಾಯಿ ಮುಚ್ಚಲು ಬಾರದ ಕೆಂಪು ಪ್ಯಾರೆಟ್ ಮೀನುಗಳು. ಹಿಡಿದ ಗಾಜನ್ನು ಬಿಡದೆ ನೆಕ್ಕುತ್ತಾ ಕೂರುವ ಸಕ್ಕರ್ (ಇದನ್ನು ಕಂಡಾಗಲೆಲ್ಲ ನನಗೆ ನಮ್ಮ ವರ್ತಕರ ಸಂಘದ ಅಧ್ಯಕ್ಷರ ನೆನಪಾಗುತ್ತದೆ). ಇವರೆಲ್ಲರ ಮೇಲೆ ಚಕ್ರವರ್ತಿಯಂತೆ ಮೊಳದುದ್ದದ ಬೆಳ್ಳಿ ಅರವಾನ ಮೀನು. ಕತ್ತಿಯಂಥ ಮೈ, ನೀರಿನ ಮೇಲ್ಮಟ್ಟದಲ್ಲೇ ಗಸ್ತು ತಿರುಗುವ ಠೀವಿ. ಹುಳ ಕಂಡರೆ ನೀರು ಬಿಟ್ಟು ಚಂಗನೆ ಹಾರುವ ಜಾತಿ. ಮುಚ್ಚಳ ಸದಾ ಬಿಗಿಯಾಗಿರಲಿ ಎಂದು ಮಾರಿದವನು ನನ್ನಿಂದ ಆಣೆ ಮಾಡಿಸಿಕೊಂಡಿದ್ದ. ನನಗೆ ಅದರ ಮೇಲೆ ಹೆತ್ತ ಮಗನ ಮೇಲಿರುವಷ್ಟು ಮೋಹ.

ನನ್ನ ಅವ್ವ ಯಶೋದಮ್ಮನಿಗೆ ಮಾತ್ರ ಅದೆಲ್ಲ ಅಡುಗೆಯ ವಿಷಯ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ತೊಟ್ಟಿಯ ಮುಂದೆ ನಿಂತು, “ಇವು ಬರೀ ಮುಳ್ಳು. ಈ ಉದ್ದಂದು ಒಂದು ಸಾರಿಗಾಯ್ತದೆ” ಎಂದು ಚಕ್ರವರ್ತಿಯ ಕಡೆ ಬೆರಳು ತೋರಿಸುತ್ತಿದ್ದಳು. ಅವನು ಗಂಭೀರವಾಗಿ ತಿರುಗಿ ಬಾಲ ತೋರಿಸುತ್ತಿದ್ದ.

ಹೀಗಿರಲು ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅಂದು ಸಂಜೆ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತೇವೆ. ಅವರು ಇಷ್ಟಪಟ್ಟು ಉಣ್ಣುತ್ತಿದ್ದುದನ್ನೆಲ್ಲ ಬಾಳೆ ಎಲೆಗೆ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಉಣ್ಣುವುದನ್ನು ಯಾರೂ ನೋಡಬಾರದು. ಅವರ ಊಟ ಮುಗಿಯುವ ಮೊದಲು ಬಾಗಿಲು ತೆಗೆದರೆ ಅರ್ಧ ಊಟಕ್ಕೆ ಎದ್ದುಹೋಗುತ್ತಾರೆ. ಆಮೇಲೆ ವರ್ಷವಿಡೀ ಮನೆಗೆ ಸುಖವಿಲ್ಲ.

ನಮ್ಮಪ್ಪ ಕರಿಯಯ್ಯನವರ ಎಡೆಗೆ ಮುದ್ದೆ, ಬಾಡಿನ ಸಾರು, ಬೋಟಿ, ಒಂದು ಕಟ್ಟು ಬೀಡಿ, ಹೆಸರು ಹೇಳಬಾರದ ಒಂದು ಬಾಟಲಿ ಎಲ್ಲ ಸಿದ್ಧವಾಯಿತು. ಹಾಲಿನ ಮುಕ್ಕಾಲು ಭಾಗ ಸಮುದ್ರವೇ ಆಗಿದ್ದರಿಂದ ಎಲೆಯನ್ನು ತೊಟ್ಟಿಯ ಬುಡದಲ್ಲೇ ಹಾಕಬೇಕಾಯಿತು. ಎಡೆಗೆಂದೇ ಸರಗೂರಿನಿಂದ ಬಂದಿದ್ದ ಚಿಕ್ಕಪ್ಪ ಅಂಕಯ್ಯ ಧೂಪ ಹಾಕಿದರು. ಕೈಮುಗಿದು ಎಲ್ಲರೂ ಜಗುಲಿಗೆ ಬಂದೆವು. ಕೊನೆಗೆ ಬಂದ ಅವ್ವ ಬಾಗಿಲೆಳೆದು ಚಿಲಕ ಹಾಕಿ, ತೃಪ್ತಿಯಿಂದ ಸೆರಗು ಸರಿಮಾಡಿಕೊಂಡಳು.

“ಹಿರೀಕರು ಬರೋವಾಗ ಮನೇಲಿ ಏನೂ ಮುಚ್ಚಿಟ್ಟಿರಬಾರ್ದು. ಅನ್ನದ ತಪ್ಪಲೆ, ಸಾರಿನ ತಪ್ಪಲೆ, ನಿನ್ನ ಮೀನಿನ ತಪ್ಪಲೆ, ಎಲ್ಲಾದ್ರ ಮುಚ್ಚಳನೂ ತಗ್ದು ಬಂದಿವ್ನಿ ಕಣ್ಲಾ.”

ಮೀನಿನ ತಪ್ಪಲೆ ಎಂದರೆ ನನ್ನ ತೊಟ್ಟಿ! ಒಳಗೆ ಎಣ್ಣೆ ದೀಪ. ದೀಪಕ್ಕೆ ಮುತ್ತುವ ಹುಳ. ಹುಳಕ್ಕೆ ಹಾರುವ...

ಧಡ್!

“ಬಂದ ಕಣತ್ತಿಗೆ ನಮ್ಮಣ್ಣ!” ಎಂದು ಚಿಕ್ಕಪ್ಪ ಕೈಮುಗಿದರು.

ಪಟಪಟ ಪಟಪಟ ಎಂದು ಬಡಿದ ಸದ್ದು.

“ಪಂಚೆ ಒದರಿ ಕೂತ್ಕತಾವ್ರೆ” ಎಂದು ಅವ್ವ ಕಣ್ಣು ಒರೆಸಿಕೊಂಡಳು. “ಬದುಕಿದ್ದಾಗ್ಲೂ ಅಂಗೇಯ.”

“ಅವ್ವಾ, ಅದು ನನ್ನ ಮೀನು!”

“ನಿಮ್ಮಪ್ಪನ್ನ ಮೀನು ಅಂತೀಯೇನ್ಲಾ? ಬಾಯ್ಮುಚ್ಚು!”

ನಾನು ಚಿಲಕಕ್ಕೆ ಕೈ ಹಾಕಿದೆ. ಚಿಕ್ಕಪ್ಪ ಬಾಗಿಲಿಗೆ ಬೆನ್ನು ಕೊಟ್ಟು ದ್ವಾರಪಾಲಕರಂತೆ ನಿಂತರು. ಹೊಲ ಉತ್ತ ಮೈ ಅದು. ನಾನು ಬಲ್ಬು ಹಿಡಿದ ಮೈಯವನು. ಕಿಟಕಿಗೆ ಓಡಿದೆ. ಅದನ್ನೂ ಅವ್ವ ಒಳಗಿನಿಂದ ಮುಚ್ಚಿದ್ದಳು. ಒಳಗೆ ಪಟಪಟ ಸ್ವಲ್ಪ ನಿಧಾನವಾಯಿತು. ನೀರಿಲ್ಲದೆ ಬಾಯಿ ಬಿಡುತ್ತಿರುವ ಚಕ್ರವರ್ತಿ ಕಣ್ಣಮುಂದೆ ಬಂದು ನನ್ನ ಬಾಯಿಯೂ ತಾನಾಗಿಯೇ ತೆರೆದು ಮುಚ್ಚತೊಡಗಿತು.

ಠಣ್! ಲೋಟ ಬಿದ್ದು ಉರುಳಿತು.

“ಶಾಂತಲಾ, ಸಾಯ್ತದೆ ಕಣೇ!” ಎಂದು ಗೋಗರೆದೆ. ಅವಳು ನನ್ನ ಮುಖ ನೋಡಿದಳು. ಅಷ್ಟು ದಿನ ಆ ತೊಟ್ಟಿಯನ್ನು ಶಪಿಸಿದವಳು, ಅದೇನನ್ನಿಸಿತೋ, ಅವ್ವನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

“ಅತ್ತೆ, ಉಂಡೇಟ್ಗೆ ಎಲೆಅಡಿಕೆ ಸಿಗ್ನಿಲ್ಲ ಅಂದ್ರೆ ಮಾವ ಏನ್ ಮಾಡ್ತಿದ್ರು?”

“ತಟ್ಟೆ, ಲೋಟ ಎಲ್ಲಾ ಎತ್ತಿ ಎಸೀತಿದ್ರು ಕಣವ್ವ. ಆ ಕ್ವಾಪ ನಿಂಗೇನು ಗೊತ್ತು!”

“ಈಗ ಲೋಟ ಬಿತ್ತು. ಎಡೆಗೆ ಎಲೆಅಡಿಕೆ ಇಟ್ರಾ?”

ಅವ್ವ ಹಣೆ ಚಚ್ಚಿಕೊಂಡಳು. “ಅಯ್ಯೋ ಶಿವ್ನೇ! ಮರ್ತೇ ಓಯ್ತಲ್ಲಾ!” ಎಂದವಳೇ ಸೊಂಟದ ಚೀಲ ಬಿಚ್ಚುತ್ತಾ ಚಿಕ್ಕಪ್ಪನನ್ನು ಪಕ್ಕಕ್ಕೆ ನೂಕಿ, “ಎಲೆಅಡಿಕೆ ತಂದೆ ಕಣ್ರೀ, ಸಿಟ್ ಮಾಡ್ಕಬೇಡಿ!” ಎಂದು ತಾನೇ ಚಿಲಕ ತೆಗೆದಳು.

ಒಳಗೆ ಅಪ್ಪನ ಎಲೆಯ ಮೇಲೆ ಅರವಾನ ಮಲಗಿತ್ತು. ಮೈಯೆಲ್ಲ ಬಾಡಿನ ಸಾರು. ತಲೆ ಮುದ್ದೆಗೆ ಒರಗಿತ್ತು. ಕೆಳದವಡೆಯಿಂದ ಚಾಚಿದ ಎರಡು ಮೀಸೆಗಳು ಅಲುಗುತ್ತಿದ್ದವು. ಬಾಯಿ ಇನ್ನೂ ಆಡುತ್ತಿತ್ತು.

ನಾನು ಎರಡೂ ಕೈಯಲ್ಲಿ ಬಾಚಿ ತೊಟ್ಟಿಗೆ ಇಳಿಸಿದೆ. ಅದು ಮಗ್ಗುಲಾಗಿ ತೇಲಿತು. ಉಸಿರು ಬಿಗಿಹಿಡಿದು ಅದರ ಮೈಯನ್ನು ಹಿಂದೆ ಮುಂದೆ ಆಡಿಸಿದೆ. ಕಿವಿರು ಒಮ್ಮೆ ಅಲುಗಿತು, ಇನ್ನೊಮ್ಮೆ ಅಲುಗಿತು. ಆಮೇಲೆ ಚಕ್ರವರ್ತಿ ಮೈ ಒದರಿ ನೆಟ್ಟಗಾದ. (ಸಾರು ನೀರಿಗಿಳಿದು ಆಸ್ಕರ್‌ಗಳಿಗೂ ಹಬ್ಬವಾಯಿತು. ಸಕ್ಕರ್ ಮೊದಲ ಸಲ ಗಾಜು ಬಿಟ್ಟಿತು.) ನಾನು ಶಾಂತಲಾಳ ಕೈ ಹಿಡಿದುಕೊಂಡು ಸಣ್ಣ ಹುಡುಗನಂತೆ ನಕ್ಕೆ. “ಕೈ ಬುಡಿ, ಬರೀ ಲೋಳೆ” ಎಂದಳು. ಆದರೆ ತಾನೂ ನಕ್ಕಳು.

ಅಷ್ಟರಲ್ಲಿ ಅವ್ವ ಗಾಜಿಗೆ ಮುಖವಿಟ್ಟು ನಿಂತಿದ್ದಳು.

“ಮೀಸೆ ನೋಡ್ಲಾ ಅಂಕಯ್ಯ. ಆ ಗದ್ದ ನೋಡು. ಉಂಡ್ಮೇಲೆ ಮೊಕ ಗಂಟಾಕ್ಕೊಳ್ಳೋದು ನೋಡು.”

ಚಿಕ್ಕಪ್ಪ ಬಗ್ಗಿ ನೋಡಿದರು. “ಊ ಕಣತ್ತಿಗೆ. ನಮ್ಮಣ್ಣನೇಯ” ಎಂದು ತೊಟ್ಟಿಗೆ ಅಡ್ಡಬಿದ್ದರು.

ಅಂದಿನಿಂದ ನನ್ನ ಸಮುದ್ರಕ್ಕೆ ಮನೆಯಲ್ಲಿ ಯಾರ ವಿರೋಧವೂ ಇಲ್ಲ. ಗಾಜಿಗೆ ವಿಭೂತಿ ಬಂದಿದೆ. ಸರಗೂರಿನ ನೆಂಟರು ಹಣ್ಣುಕಾಯಿ ಹಿಡಿದು ನೋಡಲು ಬರುತ್ತಾರೆ. ಮೀನುಗಳಿಗೆ ತಿನಿಸು ಹಾಕುವಾಗ ಶಾಂತಲಾ ಮೊದಲ ಸಿಗಡಿಯನ್ನು “ಮಾವನೋರ್ಗೆ” ಎಂದೇ ಹಾಕುತ್ತಾಳೆ, ಹಾಕಿ ನನ್ನ ಕಡೆ ನೋಡಿ ತುಟಿ ಕಚ್ಚಿಕೊಳ್ಳುತ್ತಾಳೆ. ನಾನು ಮಾತ್ರ ಅದರ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂರುವಂತಿಲ್ಲ, ಶಿಳ್ಳೆ ಹಾಕುವಂತಿಲ್ಲ. ತೊಟ್ಟಿ ತೊಳೆಯುವಾಗ “ಅಪ್ಪಾ, ಒಸಿ ಅತ್ಲಾಗೆ ಬನ್ನಿ” ಎಂದು ಕೇಳಿಕೊಳ್ಳಬೇಕು.

ನಾನು ಇದನ್ನೆಲ್ಲ ನಂಬುವವನಲ್ಲ. ಮೊನ್ನೆ ಗಿರಾಕಿಗಳಿಲ್ಲವೆಂದು ಮಧ್ಯಾಹ್ನವೇ ಅಂಗಡಿ ಮುಚ್ಚಿ ಬಂದು, ಒಂದು ನಿದ್ದೆ ತೆಗೆಯೋಣವೆಂದು ಹಾಲಿಗೆ ಕಾಲಿಟ್ಟೆ. ಅರವಾನ ಗಾಜಿನ ಹತ್ತಿರ ಬಂದು, ಗದ್ದ ಮುಂದೆ ಚಾಚಿ, ರೆಪ್ಪೆ ಅಲುಗಿಸದೆ ನನ್ನನ್ನೇ ನೋಡಿತು.

ನಾನು ವಾಪಸ್ಸು ಹೋಗಿ ಅಂಗಡಿ ತೆರೆದೆ.