ಹೆದರಿದ ಕುರ್ಚಿ

ತಾಪತ್ರಯವೆಲ್ಲ ಶುರುವಾದದ್ದು ಒಂದು ಖಾಲಿ ಲೋಟದಿಂದ. ಕುರ್ಚಿ ಕಾರ್ಖಾನೆಯವರ ಸ್ವಭಾವ ಪರೀಕ್ಷಿಸಲು ಬಂದಿದ್ದ ಮೇಡಂ ಅದನ್ನು ಮೇಜಿನ ಮೇಲಿಟ್ಟು, "ಏನು ಕಾಣ್ತಿದೆ?" ಎಂದು ಕೇಳಿದರು.

"ಪಾಪ, ಅದಕ್ಕೆ ಬಾಯಾರಿದೆ," ಎಂದ ಕುರ್ಚಿಗಳಿಗೆ ಪಾಲಿಶ್ ಹಾಕುವ ಪಾಲಿಶಣ್ಣ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಡಂ ಮಾತ್ರ ಗಂಭೀರವಾಗಿ ವಿವರಿಸಿದರು: ವಸ್ತುವನ್ನು ಇದ್ದ ಹಾಗೇ ನೋಡುವವರು ಒಂದು ಬಗೆ, ಅದರಿಂದ ಮನಸ್ಸಿಗೆ ಅನ್ನಿಸಿದ್ದನ್ನು ನೋಡುವವರು ಇನ್ನೊಂದು ಬಗೆ. "ನೀವು ಎರಡನೇ ಬಗೆ."

"ಕುರ್ಚಿ ತಪಾಸಣೆಯವರು ನಿವೃತ್ತರಾಗ್ತಿದ್ದಾರೆ. ಆ ಜಾಗಕ್ಕೆ ಮೊದಲನೇ ಬಗೆಯವರೇ ಬೇಕು. ಸಂಜೆ ಪರೀಕ್ಷೆ," ಎಂದರು ಮಾಲೀಕರು.

ಪಾಲಿಶಣ್ಣನಿಗೆ ಆ ಜಾಗದ ಮೇಲೇ ಕಣ್ಣಿತ್ತು. ತಪಾಸಣೆ ಎಂದರೆ ಕೂತು ಮಾಡುವ ಕೆಲಸ. ಇವನೋ, ಊರಿಗೆಲ್ಲ ಕೂರುವ ಭಾಗ್ಯ ಕೊಟ್ಟು ತಾನು ನಿಂತೇ ಮಂಡಿ ಸವೆಸಿಕೊಂಡವನು.

"ಕಂಡದ್ದನ್ನ ಕಂಡ ಹಾಗೇ ಹೇಳೋದು ರೂಢಿ ಮಾಡ್ಕೋ," ಎಂದು ದಿಂಬು ಹೊಲಿಯುವ ಅಕ್ಕ ಧೈರ್ಯ ತುಂಬಿದಳು. "ಎಲ್ಲಿ, ನನ್ನ ಹೊಸ ಕನ್ನಡಕ ಹೇಗಿದೆ ಹೇಳು?"

"ಎಡಕ್ಕೆ ವಾಲಿದೆ. ಮೂಗು ಇನ್ನೂ ದಪ್ಪ ಕಾಣ್ತಿದೆ."

ಅಕ್ಕ ಮುಖ ಊದಿಸಿಕೊಂಡು ಹೋದಳು. ಮಧ್ಯಾಹ್ನ ಹೆಂಡತಿ ಫೋನ್ ಮಾಡಿದಳು. "ಊಟ ಹೇಗಿತ್ತು ರೀ?"

"ಉಪ್ಪಿರಲಿಲ್ಲ. ಕೂದಲಿತ್ತು."

"ರಾತ್ರಿ ನೀವೇ ಬೇಯಿಸ್ಕೊಳ್ಳಿ!" ಫೋನ್ ಕಟ್ಟಾಯಿತು. ಸಂಜೆಯ ಹೊತ್ತಿಗೆ ಅವನೊಡನೆ ಮಾತಾಡುವವರೇ ಇರಲಿಲ್ಲ. ಮೊದಲನೇ ಬಗೆಯವನಾಗಿದ್ದೇನೆ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕೆಂದು ಅವನು ಒಳಗೊಳಗೇ ಹಿಗ್ಗಿದ.

ಪರೀಕ್ಷೆಗೆ ಒಂದು ಹೊಸ ಕುರ್ಚಿ ಬಂತು. ನೋಡಿದ ಕೂಡಲೇ ಅವನ ಮನಸ್ಸು ಕೂಗಿತು: ಅಯ್ಯೋ, ಇದು ಹೆದರಿದೆ, ಈಗಲೋ ಆಗಲೋ ಮೂರ್ಛೆ ಹೋಗುತ್ತೆ! ಅವನು ತುಟಿ ಕಚ್ಚಿಕೊಂಡ.

"ನಾಲ್ಕು ಕಾಲು, ಎರಡು ಕೈ. ಕಂದು ಬಣ್ಣ. ಒಳ್ಳೇ ಪಾಲಿಶ್."

"ಶಭಾಷ್! ಜಾಗ ನಿನ್ನದೇ!" ಎನ್ನುತ್ತ ಮಾಲೀಕರು ಅದೇ ಕುರ್ಚಿಯಲ್ಲಿ ಕೂತರು. ಲಟಕ್! ಕುರ್ಚಿಯ ಹಿಂಗಾಲು ಮುರಿದು ಅವರು ಅಂಗಾತ ಬಿದ್ದರು.

"ನಿನಗೇನೂ ಗೊತ್ತಾಗ್ಲಿಲ್ವೇನೋ?"

"ಕುರ್ಚಿ ಹೆದರಿದೆ ಅನ್ನಿಸ್ತು ಸಾರ್. ಅನ್ನಿಸಿದ್ದು ಹೇಳಬಾರದಲ್ಲ?"

ಮಾಲೀಕರು ಸೊಂಟ ನೀವಿಕೊಳ್ಳುತ್ತ ಮೇಡಂ ಕಡೆ ನೋಡಿದರು. ಮೇಡಂ ಸೂರು ನೋಡಿದರು.

"ಇವತ್ತಿಂದ ಪ್ರತಿ ಕುರ್ಚಿಯಲ್ಲೂ ನೀನೇ ಕೂತು, ಏನನ್ನಿಸ್ತು ಹೇಳ್ಬೇಕು. ಕುರ್ಚಿ ಒಯ್ಯೋ ಲಾರಿ ಬಂದಿದೆ, ಶುರು ಮಾಡು!" ಎಂದರು ಮಾಲೀಕರು.

ಕೊನೆಗೂ ಕೂರುವ ಕೆಲಸ! ಪಾಲಿಶಣ್ಣ ಕುಣಿಯುತ್ತ ಗೋದಾಮಿಗೆ ಹೋದ. ಅಲ್ಲಿ ಸೂರು ಮುಟ್ಟುವಷ್ಟು ಕುರ್ಚಿಗಳಿದ್ದವು. ಕೂತ, ಎದ್ದ. ಕೂತ, ಎದ್ದ.

ಅಕ್ಕ ಕನ್ನಡಕ ಸರಿಮಾಡಿಕೊಳ್ಳುತ್ತ ಬಂದಳು. "ಏನಂತೆ ಕುರ್ಚಿಗೆ?"

"ಕುರ್ಚಿ ಆರಾಮಾಗಿದೆ ಅಕ್ಕ. ಅಳ್ತಿರೋದು ನನ್ನ ಮಂಡಿ."

"ಅದು ಕಂಡದ್ದೋ, ಅನ್ನಿಸಿದ್ದೋ?" ಎನ್ನುತ್ತ ಅಕ್ಕ ಮುಂದಿನ ಕುರ್ಚಿ ಎಳೆದು ಹಾಕಿದಳು.